ಮನೆಯ ಹಿಂದಿನ ಗುಡ್ಡದಿಂದ ಇಳಿಯುವ ಕರಡಿ: ಎದುರಾದರೆ ಕೂಗಬೇಕೇ, ಮಲಗಬೇಕೇ?

ಪ್ರಶ್ನೆ: ತೆಂಗಿನಸಾಲು (ಅರಸೀಕೆರೆ ತಾಲ್ಲೂಕು)

ಸದಸ್ಯರೆಲ್ಲರಿಗೂ ನಮಸ್ಕಾರ. ನಮ್ಮದು ಅರಸೀಕೆರೆ ತಾಲ್ಲೂಕಿನಲ್ಲಿ ಗುಡ್ಡದ ಬುಡಕ್ಕೆ ಅಂಟಿಕೊಂಡಿರುವ ಸಣ್ಣ ಊರು. ಗುಡ್ಡದಲ್ಲಿ ಕರಡಿಗಳಿರುವುದು ಇಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ಆದರೆ ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವು ಮನೆಗಳಿಗೆ ತೀರ ಹತ್ತಿರ ಓಡಾಡುತ್ತಿರುವ ಗುರುತುಗಳು ಕಾಣುತ್ತಿವೆ. ನಮ್ಮ ತೋಟದ ಬದುವಿನ ಹುತ್ತವೊಂದನ್ನು ಯಾರೋ ಗುದ್ದಲಿ ಹಿಡಿದು ಅಗೆದಂತೆ ಬಗೆದು ಹಾಕಿದೆ. ಬಗೆದ ಮಣ್ಣಿನ ಮೇಲೆ ಉಗುರಿನ ಗೀರುಗಳು ಸಾಲಾಗಿ ಮೂಡಿದ್ದವು. ಪಕ್ಕದಲ್ಲಿಯೇ ಕಕ್ಕೆಕಾಯಿಯ ಬೀಜಗಳು ತುಂಬಿದ್ದ ಲದ್ದಿ ಬಿದ್ದಿತ್ತು. ಕಳೆದ ವಾರ ಬೆಳಗಿನ ಜಾವ ಡೇರಿಗೆ ಹಾಲು ಒಯ್ಯುತ್ತಿದ್ದ ನಮ್ಮ ಚಿಕ್ಕಪ್ಪನ ಬೈಕಿನ ಮುಂದೆ, ಬೆನ್ನ ಮೇಲೆ ಮರಿ ಹೊತ್ತಿದ್ದ ತಾಯಿಕರಡಿ ರಸ್ತೆ ದಾಟಿತು. ಅವರು ಬ್ರೇಕು ಹಾಕಿ ನಿಂತದ್ದರಿಂದ ಅನಾಹುತವೇನೂ ಆಗಲಿಲ್ಲ.

ಈ ಸುದ್ದಿಯನ್ನು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹಾಕಿದಾಗ, ಅಮೆರಿಕದಲ್ಲಿರುವ ನಮ್ಮ ಭಾವನವರು ಅಲ್ಲಿನ ಉದ್ಯಾನವನದವರು ಹಂಚುವ ಸೂಚನಾಪತ್ರವೊಂದನ್ನು ಕಳುಹಿಸಿದರು. ಕಪ್ಪು ಕರಡಿ ಎದುರಾದರೆ ಕೈಗಳನ್ನು ಮೇಲೆತ್ತಿ ಎತ್ತರವಾಗಿ ಕಾಣುವಂತೆ ನಿಂತು ಗಟ್ಟಿಯಾಗಿ ಕೂಗಬೇಕು, ಮೇಲೆ ಬಿದ್ದರೆ ಸತ್ತಂತೆ ಮಲಗದೆ ಮೂಗು ಮತ್ತು ಕಣ್ಣಿಗೆ ಹೊಡೆದು ಹೋರಾಡಬೇಕು ಎಂಬುದು ಅದರ ಸಾರಾಂಶ. ನಮ್ಮ ಅಜ್ಜ ಹೇಳುವುದು ಇದಕ್ಕೆ ನೇರ ವಿರುದ್ಧ: ಬೋರಲಾಗಿ ಮಲಗಿ ಅಲುಗಾಡದೆ ಇರಬೇಕು ಎನ್ನುತ್ತಾರೆ. ನಮ್ಮ ಮಕ್ಕಳು ಬಸ್ಸಿಗಾಗಿ ಗುಡ್ಡದ ಅಂಚಿನ ರಸ್ತೆಯಲ್ಲಿಯೇ ನಡೆದು ಹೋಗಬೇಕು. ತಂದೆಯವರು ರಾತ್ರಿ ಕರೆಂಟು ಬಂದಾಗ ಮೋಟಾರು ಹಾಕಲು ತೋಟಕ್ಕೆ ಹೋಗುತ್ತಾರೆ. ಹೀಗಿರುವಾಗ ಯಾವ ಮಾತನ್ನು ನಂಬಬೇಕು? ಬೋನಿಡಿಸಿ ಹಿಡಿಸಿಬಿಡಿ ಎಂದು ಊರಿನಲ್ಲಿ ಕೆಲವರು ಒತ್ತಾಯಿಸುತ್ತಿದ್ದಾರೆ, ಅದು ಸರಿಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ಕುರುಚಲುಕಾಡು (ಕಡೂರು)

ನಿಮ್ಮ ಭಾವನವರು ಕಳುಹಿಸಿದ ಸೂಚನೆ ಅಲ್ಲಿನ ಪ್ರಾಣಿಯ ಮಟ್ಟಿಗೆ ಸರಿಯಾಗಿಯೇ ಇದೆ. ತೊಂದರೆಯೆಂದರೆ ನಿಮ್ಮ ತೋಟದ ಹುತ್ತ ಬಗೆದದ್ದು ಆ ಪ್ರಾಣಿಯಲ್ಲ. ಅಮೆರಿಕದ ಕಪ್ಪು ಕರಡಿ ಒಂದು ಜಾತಿ. ಕಾಶ್ಮೀರದಿಂದ ಅರುಣಾಚಲದವರೆಗೆ ಹಿಮಾಲಯದ ಸೆರಗಿನಲ್ಲಿರುವ ಕಪ್ಪು ಕರಡಿ ಇನ್ನೊಂದು ಜಾತಿ. ನಮ್ಮ ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ, ಬಳ್ಳಾರಿ ಸೀಮೆಯ ಬಂಡೆಗುಡ್ಡಗಳಲ್ಲಿರುವುದು ಇವೆರಡಕ್ಕಿಂತ ಬೇರೆಯಾದ, ಜೂಲುಗೂದಲಿನ, ಗೆದ್ದಲು ತಿನ್ನುವ ಕರಡಿ. ಇಂಗ್ಲಿಷಿನಲ್ಲಿ ಇದನ್ನು ಸ್ಲಾತ್ ಬೇರ್ ಎನ್ನುತ್ತಾರೆ. ಬಣ್ಣ ಕಪ್ಪಾಗಿರುವುದನ್ನು ಬಿಟ್ಟರೆ ಇದರ ಸ್ವಭಾವಕ್ಕೂ ಅಮೆರಿಕದ ಕರಡಿಯ ಸ್ವಭಾವಕ್ಕೂ ಅಜಗಜಾಂತರವಿದೆ.

ಅಮೆರಿಕದ ಕಪ್ಪು ಕರಡಿ ಅಪಾಯ ಕಂಡರೆ ಸಾಮಾನ್ಯವಾಗಿ ಓಡಿಹೋಗುತ್ತದೆ ಅಥವಾ ಮರ ಹತ್ತುತ್ತದೆ. 1900ರಿಂದ 2009ರವರೆಗಿನ ಅವಧಿಯಲ್ಲಿ ಇಡೀ ಉತ್ತರ ಅಮೆರಿಕದಲ್ಲಿ ಕಾಡಿನ ಕಪ್ಪು ಕರಡಿಗಳಿಂದ ಸತ್ತವರು 63 ಮಂದಿ. ಆ ಸಾವುಗಳನ್ನು ಪರಿಶೀಲಿಸಿದವರು ಕಂಡುಕೊಂಡದ್ದೇನೆಂದರೆ, ಹೆಚ್ಚಿನವುಗಳಲ್ಲಿ ಒಂಟಿ ಗಂಡು ಕರಡಿ ಮನುಷ್ಯನನ್ನು ಆಹಾರವೆಂದೇ ಭಾವಿಸಿ ಹಿಂಬಾಲಿಸಿ ಬಂದಿತ್ತು. ತಿನ್ನಲೆಂದು ಬಂದ ಪ್ರಾಣಿಯ ಮುಂದೆ ಸತ್ತಂತೆ ಮಲಗಿದರೆ ಅದರ ಕೆಲಸವನ್ನು ಸುಲಭ ಮಾಡಿಕೊಟ್ಟ ಹಾಗಾಗುತ್ತದೆ. ಅಲ್ಲಿ ಹೋರಾಡಿ ಎಂದು ಹೇಳುವುದು ಆ ಕಾರಣಕ್ಕೆ.

ನಮ್ಮ ಕರಡಿ ಮನುಷ್ಯನನ್ನು ತಿನ್ನಲು ಬರುವುದಿಲ್ಲ. ಅದು ಹೆದರಿ ಮೇಲೆ ಬೀಳುತ್ತದೆ, ಮತ್ತು ಹೆದರಿದಾಗ ಓಡುವುದಕ್ಕಿಂತ ಮೇಲೆ ಬೀಳುವುದೇ ಅದರ ರೂಢಿ. ಹುಲಿ ಚಿರತೆಗಳಿದ್ದ ಕಾಡುಗಳಲ್ಲಿ, ಹತ್ತಿ ತಪ್ಪಿಸಿಕೊಳ್ಳಲು ದೊಡ್ಡ ಮರಗಳಿಲ್ಲದ ಕಡೆಗಳಲ್ಲಿಯೂ ಬದುಕಿ ಬಂದ ಪ್ರಾಣಿ ಇದು. ಜೇನಿಗಾಗಿ, ಹಣ್ಣಿಗಾಗಿ ಮರ ಹತ್ತಬಲ್ಲದಾದರೂ ಅಪಾಯ ಬಂದಾಗ ಮರಕ್ಕೆ ಓಡುವುದಿಲ್ಲ, ಎದುರಿಸಿ ನಿಲ್ಲುತ್ತದೆ. ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವುದೂ ಇದೇ ಕಾರಣಕ್ಕೆ ಎನ್ನುತ್ತಾರೆ. ಮಧ್ಯಪ್ರದೇಶದಲ್ಲಿ 1989ರ ಏಪ್ರಿಲ್‌ನಿಂದ 1994ರ ಮಾರ್ಚ್‌ವರೆಗಿನ ಐದೇ ವರ್ಷಗಳಲ್ಲಿ 735 ಮಂದಿ ಈ ಕರಡಿಯ ದಾಳಿಗೆ ತುತ್ತಾದರು, ಅವರಲ್ಲಿ ಸತ್ತವರು 48 ಮಂದಿ. ಅಮೆರಿಕದ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಎರಡು ವಿಷಯ ಎದ್ದು ಕಾಣುತ್ತವೆ: ನಮ್ಮ ಕರಡಿ ಮನುಷ್ಯರ ಮೇಲೆ ಬೀಳುವುದು ಬಹಳ ಹೆಚ್ಚು, ಹಾಗೆಯೇ ಬಿದ್ದ ಮೇಲೆ ಕೊಂದು ಮುಗಿಸುವುದು ಕಡಿಮೆ. ತನಗಿದ್ದ ಅಪಾಯ ತಪ್ಪಿತು ಎನಿಸಿದ ಕೂಡಲೇ ಬಿಟ್ಟು ಹೋಗುತ್ತದೆ. ಆದರೆ ಆ ಅಷ್ಟು ಹೊತ್ತಿನಲ್ಲಿಯೇ ಮುಖ ಮತ್ತು ತಲೆಯನ್ನು ಗುರುತು ಸಿಗದಂತೆ ಮಾಡಿಬಿಡಬಲ್ಲದು.

ಆದ್ದರಿಂದ ನಿಮ್ಮ ಅಜ್ಜನವರ ಮಾತನ್ನೇ ಹಿಡಿಯಿರಿ ಎನ್ನುತ್ತೇನೆ. ಮೇಲೆ ಬಿದ್ದೇಬಿಟ್ಟಿತು ಎಂದಾದರೆ ಬೋರಲಾಗಿ ಮಲಗಿ, ಬೆರಳುಗಳನ್ನು ಹೆಣೆದು ಕತ್ತಿನ ಹಿಂಭಾಗವನ್ನು ಮುಚ್ಚಿ, ಮೊಣಕೈಗಳಿಂದ ಮುಖದ ಪಕ್ಕಗಳನ್ನು ಕಾಪಾಡಿಕೊಂಡು, ಅದು ದೂರ ಹೋಗುವವರೆಗೂ ಏಳದೆ ಇರಬೇಕು. ಬೆನ್ನಿಗೆ ಚೀಲವಿದ್ದರೆ ತೆಗೆಯಬಾರದು. (ಇಬ್ಬರು ಗೆಳೆಯರು ಮತ್ತು ಕರಡಿಯ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದರಲ್ಲಿ ಮಲಗಿದವನ ಉಪಾಯ ನಮ್ಮ ಸೀಮೆಗೆ ಒಪ್ಪುತ್ತದೆ, ಮರ ಹತ್ತಿದವನದು ಒಪ್ಪುವುದಿಲ್ಲ.)

ಇದು ಕೊನೆಯ ಉಪಾಯ ಮಾತ್ರ. ನಿಜವಾದ ರಕ್ಷಣೆ ಇರುವುದು ಅದನ್ನು ಬೆಚ್ಚಿಬೀಳಿಸದೆ ಇರುವುದರಲ್ಲಿ. ಕರಡಿಗೆ ಮೂಗು ಚುರುಕು, ಕಣ್ಣು ಮಂದ. ಹುತ್ತದೊಳಗೆ ಮೂತಿಯಿಟ್ಟು ಗೆದ್ದಲನ್ನು ಹೀರುವಾಗ ಅದಕ್ಕೆ ಲೋಕದ ಪರಿವೆಯೇ ಇರುವುದಿಲ್ಲ. ಮೇಲಿನ ಸಾಲಿನಲ್ಲಿ ನಡುವಿನ ಎರಡು ಬಾಚಿಹಲ್ಲುಗಳು ಇಲ್ಲದಿರುವುದರಿಂದ, ಆ ಸಂದಿನ ಮೂಲಕ ಮೊದಲು ಮಣ್ಣನ್ನು ಊದಿ ತೆಗೆದು ಆಮೇಲೆ ಹುಳುಗಳನ್ನು ಒಳಗೆಳೆದುಕೊಳ್ಳುತ್ತದೆ. ಆ ಊದುವ, ಹೀರುವ ಸದ್ದು ನಿಶ್ಶಬ್ದವಾದ ರಾತ್ರಿಯಲ್ಲಿ ನೂರು ಮೀಟರಿಗೂ ಆಚೆ ಕೇಳಿಸುತ್ತದೆ. ನಿಮ್ಮ ತಂದೆಯವರು ತೋಟದ ಅಂಚಿನಲ್ಲಿ ಒಂದು ನಿಮಿಷ ನಿಂತು ಕಿವಿಗೊಡಲಿ. ಆಮೇಲೆ ಕೆಮ್ಮುತ್ತ, ಮಾತನಾಡುತ್ತ, ಕೋಲಿನಿಂದ ನೆಲ ಕುಟ್ಟುತ್ತ ಮುಂದೆ ಹೋಗಲಿ. ಕೋಲಿಗೆ ಎತ್ತಿನ ಗೆಜ್ಜೆ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು. ದೂರದಿಂದಲೇ ಮನುಷ್ಯರ ಸುಳಿವು ಸಿಕ್ಕರೆ ಕರಡಿ ತಾನಾಗಿಯೇ ಪೊದೆಗೆ ಸರಿಯುತ್ತದೆ. ದೂರದಲ್ಲಿ ಕಂಡು, ಅದು ನಿಮ್ಮನ್ನು ಇನ್ನೂ ಗಮನಿಸಿಲ್ಲವಾದರೆ, ಸದ್ದಿಲ್ಲದೆ ಬಂದ ದಾರಿಯಲ್ಲಿಯೇ ಹಿಂದಕ್ಕೆ ಸರಿಯಿರಿ. ಓಡುವುದು ಬೇಡ. ನೋಡಲು ಜೋಲುಮೈಯ ಪ್ರಾಣಿಯಾದರೂ ಓಟದಲ್ಲಿ ಅದನ್ನು ಮೀರಿಸುವ ಮನುಷ್ಯನಿಲ್ಲ.

ಉತ್ತರ: ಬಾಣಾವರದ ಬಯಲು

ಮೇಲಿನವರು ಬರೆದದ್ದು ಪುಸ್ತಕದಲ್ಲಿ ಚೆನ್ನಾಗಿರುತ್ತದೆ. ಹೊಲಕ್ಕೆ ಹೋಗುವ ರೈತ ಕೆಮ್ಮುತ್ತ ಗೆಜ್ಜೆ ಆಡಿಸುತ್ತ ಹೋಗಬೇಕೆಂದರೆ ಆ ಬಾಳು ಯಾರಿಗೆ ಬೇಕು? ನಾವು ಚಿಕ್ಕವರಿದ್ದಾಗ ಊರವರೆಲ್ಲ ಸೇರಿ ತಮಟೆ ಬಡಿದು, ಪಟಾಕಿ ಸಿಡಿಸಿ, ನಾಯಿಗಳನ್ನು ಬಿಟ್ಟು ಗುಡ್ಡಕ್ಕೆ ಅಟ್ಟುತ್ತಿದ್ದರು. ಈಗ ಎಲ್ಲದಕ್ಕೂ ಕಾನೂನು ಅಡ್ಡ ಬರುತ್ತದೆ. ಅರಣ್ಯ ಇಲಾಖೆಯವರು ಬೋನಿಟ್ಟು ಹಿಡಿದು ಭದ್ರಾ ಕಾಡಿಗೋ ದರೋಜಿಗೋ ಸಾಗಿಸಲಿ. ಅಲ್ಲಿ ಕರಡಿಗೂ ಸುಖ, ಇಲ್ಲಿ ನಮಗೂ ಸುಖ.

ಉತ್ತರ: ಕುರುಚಲುಕಾಡು (ಕಡೂರು)

ಬಾಣಾವರದ ಬಯಲು ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅಪಾಯವನ್ನು ಹೊರುವವರು ಗುಡ್ಡದ ಅಂಚಿನವರು, ಉಪದೇಶ ಕೊಡುವವರು ದೂರದವರು ಎಂಬ ಮಾತಿನಲ್ಲಿ ಸುಳ್ಳೇನಿಲ್ಲ. ಆದರೂ ಅವರು ಸೂಚಿಸಿದ ಉಪಾಯಗಳಲ್ಲಿ ನಾಯಿ ಬಿಡುವುದನ್ನು ಮಾತ್ರ ಯಾರೂ ಮಾಡಬಾರದು. ನಾಯಿ ಪೊದೆಯೊಳಗೆ ನುಗ್ಗಿ ಕರಡಿಯನ್ನು ಕೆಣಕುತ್ತದೆ, ಅದು ತಿರುಗಿಬಿದ್ದ ತಕ್ಷಣ ರಕ್ಷಣೆಗಾಗಿ ಯಜಮಾನನ ಕಾಲ ಬಳಿಗೆ ಓಡಿ ಬರುತ್ತದೆ, ಹಿಂದೆಯೇ ಕರಡಿಯೂ ಬರುತ್ತದೆ. ಪಟಾಕಿಯನ್ನು ದೂರದಿಂದ, ಗುಡ್ಡದ ಕಡೆಗೆ ದಾರಿ ತೆರವಾಗಿರುವಾಗ ಸಿಡಿಸುವುದು ಒಂದು ಮಾತು. ಲಂಟಾನದ ಪೊದೆಯಲ್ಲಿ ಹಗಲು ಮಲಗಿರುವ ಪ್ರಾಣಿಯನ್ನು ಸುತ್ತುವರಿದು ಸಿಡಿಸುವುದು ಬೇರೆಯದೇ ಮಾತು. ಬೆಳಗಾದರೂ ಗುಡ್ಡ ಸೇರಲಾಗದೆ ಕರಡಿ ಊರೊಳಗೆ ಸಿಕ್ಕಿಕೊಂಡಾಗ ನೂರಾರು ಜನ ಮೊಬೈಲು ಹಿಡಿದು ಮುತ್ತುತ್ತಾರಲ್ಲ, ಅನಾಹುತವಾಗುವುದು ಆಗಲೇ. ಅಂಥ ಹೊತ್ತಿನಲ್ಲಿ ಜನರನ್ನು ಚದುರಿಸಿ, ಗುಡ್ಡದ ದಿಕ್ಕನ್ನು ಬಿಟ್ಟುಕೊಟ್ಟು, ಕತ್ತಲಾಗುವವರೆಗೆ ಕಾಯುವಷ್ಟು ತಾಳ್ಮೆ ಊರಿಗೆ ಇರಬೇಕು.

ಬೋನಿನ ವಿಷಯಕ್ಕೆ ಬಂದರೆ, ಕರಡಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿದೆ. ಅದನ್ನು ಹಿಡಿಯಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಕೊಂದವರಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಸೆರೆವಾಸವಿದೆ. ಹಂದಿಗೆಂದು ಇಟ್ಟ ಉರುಳಿಗೆ ಕರಡಿ ಬಿದ್ದರೂ ಉರುಳು ಇಟ್ಟವರು ಕಾನೂನಿನ ಮುಂದೆ ನಿಲ್ಲಬೇಕಾಗುತ್ತದೆ. ಕಾನೂನನ್ನು ಬದಿಗಿಟ್ಟು ನೋಡಿದರೂ ಸಾಗಿಸುವುದರಿಂದ ಫಲ ಕಡಿಮೆ. ಹಿಡಿದ ಕರಡಿಯನ್ನು ಬಿಟ್ಟ ಜಾಗದಲ್ಲಿ ಆಗಲೇ ಬೇರೆ ಕರಡಿಗಳಿರುತ್ತವೆ. ಬಿಟ್ಟದ್ದು ಗೊತ್ತಿಲ್ಲದ ಸೀಮೆಯಲ್ಲಿ ಅಲೆದು ಇನ್ನಾವುದೋ ಊರಿನ ಅಂಚಿಗೆ ಬರುತ್ತದೆ, ಇಲ್ಲಿ ತೆರವಾದ ಗವಿಗೆ ಇನ್ನೊಂದು ಬಂದು ಸೇರುತ್ತದೆ. ದರೋಜಿಯ ಕರಡಿಧಾಮ 1994ರಲ್ಲಿ ಆದದ್ದು ಅಲ್ಲಿಯ ಬಂಡೆಗುಡ್ಡಗಳಲ್ಲಿ ಮೊದಲಿನಿಂದ ಇದ್ದ ಕರಡಿಗಳಿಗಾಗಿ, ಹೊರಗಿನಿಂದ ತಂದು ತುಂಬಲು ಅಲ್ಲ. ಅರಸೀಕೆರೆಯ ಗುಡ್ಡಗಳ ಒಂದು ಭಾಗಕ್ಕೂ ಈಗ ಕರಡಿಧಾಮದ ಸ್ಥಾನ ದೊರೆತಿದೆ ಎಂಬುದನ್ನು ನೆನಪಿಡಿ.

ತೆಂಗಿನಸಾಲು ಅವರೇ, ನಿಮ್ಮ ಚಿಕ್ಕಪ್ಪ ನೋಡಿದ್ದು ಮರಿ ಹೊತ್ತ ತಾಯಿ. ಕರಡಿ ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯ ನಡುವೆ ಬಂಡೆಗಳ ಸಂದಿನ ಗವಿಯಲ್ಲಿ ಒಂದೋ ಎರಡೋ ಮರಿ ಹಾಕುತ್ತದೆ. ಎರಡು ಮೂರು ತಿಂಗಳ ಬಳಿಕ ಅವನ್ನು ಬೆನ್ನಿಗೇರಿಸಿಕೊಂಡು ಹೊರಗೆ ಬರುತ್ತದೆ. ಬೇಸಿಗೆಯ ಮೊದಲ ಭಾಗದಲ್ಲಿ ತಾಯಂದಿರು ಹೀಗೆ ಕಣ್ಣಿಗೆ ಬೀಳುವುದು ಸಹಜ. ಈ ತಿಂಗಳುಗಳಲ್ಲಿ ಸೌದೆಗೆ, ಕುರಿ ಮೇಯಿಸಲು, ಬಹಿರ್ದೆಸೆಗೆಂದು ಬಂಡೆಗಳ ಮಗ್ಗುಲಿಗೆ ಒಬ್ಬೊಬ್ಬರೇ ಹೋಗುವುದನ್ನು ನಿಲ್ಲಿಸಬೇಕು. ಮರಿ ಒಂಟಿಯಾಗಿ ಕಂಡರೆ ಎತ್ತಿಕೊಂಡು ಬರುವ ಕೆಲಸವಂತೂ ಬೇಡವೇ ಬೇಡ, ತಾಯಿ ಕೂಗಳತೆಯಲ್ಲಿಯೇ ಇರುತ್ತದೆ.

ಪ್ರಶ್ನೆ ಕೇಳಿದವರು: ತೆಂಗಿನಸಾಲು

ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಅಮೆರಿಕದ ಸೂಚನಾಪತ್ರವನ್ನು ಮಕ್ಕಳಿಗೆ ಓದಿಸಿದ್ದೆವು, ಇಂದೇ ತಿದ್ದಿ ಹೇಳುತ್ತೇನೆ. ಇನ್ನುಳಿದ ಚಿಂತೆ ತಂದೆಯವರದು. ತ್ರೀಫೇಸ್ ಕರೆಂಟು ಒಂದು ಪಾಳಿ ರಾತ್ರಿ ಹೊತ್ತಿನಲ್ಲಿಯೇ ಬರುತ್ತದೆ. ಎಷ್ಟು ಹೇಳಿದರೂ ಕೇಳದೆ ಬ್ಯಾಟರಿ ಹಿಡಿದು ಒಬ್ಬರೇ ಹೊರಟುಬಿಡುತ್ತಾರೆ. ಇದಕ್ಕೆ ದಾರಿಯಿದೆಯೇ? ಹಾಗೆಯೇ ಬೈಕಿನಲ್ಲಿ ಹೋಗುವಾಗ ಎದುರಾದರೆ ಏನು ಮಾಡಬೇಕೆಂಬುದನ್ನೂ ತಿಳಿಸಿ.

ಉತ್ತರ: ಸಖರಾಯಪಟ್ಟಣದ ಕಡೆಯವನು

ನಮ್ಮ ಕಡೆಯೂ ಇದೇ ಪರಿಸ್ಥಿತಿ. ನನ್ನ ಮಟ್ಟಿಗೆ, ಕರಡಿ ಊರಿಗೆ ಬರುವುದಕ್ಕಿಂತ ಮನುಷ್ಯ ಕರಡಿಯ ವೇಳೆಯಲ್ಲಿ ಹೊರಗೆ ಹೋಗಬೇಕಾಗಿ ಬಂದಿರುವುದೇ ದೊಡ್ಡ ಸಮಸ್ಯೆ. ಮೋಟಾರಿಗೆ ಆಟೋ ಸ್ಟಾರ್ಟರ್ ಹಾಕಿಸಿದರೆ ಕರೆಂಟು ಬಂದ ಕೂಡಲೇ ತಾನಾಗಿಯೇ ಚಾಲೂ ಆಗುತ್ತದೆ. ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಆದರೆ ಮನೆಯಿಂದಲೇ ಕರೆ ಮಾಡಿ ಹಾಕಿ ಆರಿಸಬಹುದು, ಫೇಸು ತಪ್ಪಿದರೆ ಅದೇ ನಿಲ್ಲಿಸುತ್ತದೆ. ಆದರೆ ನೀರು ಹಾಯಿಸುವ ಕಡೆ ಬದಲಿಸಲು, ವಾಲ್ವು ತಿರುಗಿಸಲು ಮತ್ತೆ ಹೋಗಲೇಬೇಕಾಗುತ್ತದೆ ಎಂದು ಹಿರಿಯರು ವಾದಿಸುತ್ತಾರೆ, ಆ ವಾದ ನಿಜವೇ. ನಾವು ರಾತ್ರಿಯ ನೀರನ್ನು ತೊಟ್ಟಿಗೆ ತುಂಬಿಸಿಕೊಂಡು, ಹಗಲು ಹೊತ್ತಿನಲ್ಲಿ ಅಲ್ಲಿಂದ ಡ್ರಿಪ್ಪಿಗೆ ಬಿಡುವ ಏರ್ಪಾಡು ಮಾಡಿಕೊಂಡೆವು. ತೊಟ್ಟಿ ಕಟ್ಟಿಸುವ ಖರ್ಚು ಎಲ್ಲರಿಗೂ ಎಟಕುವುದಿಲ್ಲವೆಂಬುದು ನನಗೆ ಗೊತ್ತು. ಅದಾಗದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ನಿರ್ಣಯ ಮಾಡಿಸಿ, ವಲಯ ಅರಣ್ಯಾಧಿಕಾರಿಯವರ ಪತ್ರವನ್ನೂ ಸೇರಿಸಿ, ಕರಡಿ ಓಡಾಡುವ ಊರಿನ ಫೀಡರಿಗೆ ಹಗಲಿನ ಪಾಳಿಯನ್ನೇ ಕೊಡಿ ಎಂದು ವಿದ್ಯುತ್ ಕಂಪನಿಗೆ ಮನವಿ ಸಲ್ಲಿಸಬೇಕು. ಒಬ್ಬ ರೈತ ಕೇಳಿದರೆ ಕಡತ ಕದಲುವುದಿಲ್ಲ, ಊರು ಕೇಳಿದರೆ ಕದಲುತ್ತದೆ.

ರಸ್ತೆಯ ವಿಷಯ. ಬೈಕಿನ ಸದ್ದು ಬೆಳಕು ಇರುವುದರಿಂದ ಕರಡಿಗೆ ಮೊದಲೇ ಸುಳಿವು ಸಿಗುತ್ತದೆ, ಆದ್ದರಿಂದ ನಡೆದು ಹೋಗುವವನಿಗಿಂತ ಸವಾರನಿಗೆ ಅಪಾಯ ಕಡಿಮೆ. ತೊಡಕಾಗುವುದು ತಿರುವುಗಳಲ್ಲಿ, ಇಳಿಜಾರಿನಲ್ಲಿ ಎಂಜಿನ್ ಆರಿಸಿಕೊಂಡು ಹೋಗುವವರಿಗೆ. ಪೆಟ್ರೋಲು ಉಳಿಸಲು ಹೀಗೆ ಮಾಡುವವರು ನಮ್ಮಲ್ಲಿ ಬಹಳ ಮಂದಿ. ಕರಡಿ ಕಂಡರೆ ದೂರದಲ್ಲಿಯೇ ನಿಲ್ಲಿಸಿ, ಎಂಜಿನ್ ಆರಿಸದೆ, ದೀಪವನ್ನು ಡಿಮ್ ಮಾಡಿ, ಅದು ಪೂರ್ತಿ ದಾಟಲು ಬಿಡಿ. ಒಂದು ದಾಟಿತೆಂದು ತಕ್ಷಣ ಹೊರಡಬೇಡಿ, ಹಿಂದೆ ಬೆಳೆದ ಮರಿ ಇರಬಹುದು. ಮರಿಗಳು ಎರಡು ವರ್ಷದವರೆಗೂ ತಾಯಿಯ ಜೊತೆಗಿರುತ್ತವೆ. ತಾಯಿಗೂ ಮರಿಗೂ ನಡುವೆ ಬೈಕು ನುಗ್ಗಿಸಿದಂತಾಗಬಾರದು. ಮಕ್ಕಳನ್ನು ಬಸ್ಸಿಗೆ ಗುಂಪಾಗಿಯೇ ಕಳುಹಿಸಿ, ಬೆಳಕು ಹರಿದ ಮೇಲೆ ಹೊರಡಲಿ. ಗುಂಪಿನಲ್ಲಿ ಹರಟೆ ತಾನಾಗಿಯೇ ಇರುತ್ತದೆ, ಬೇರೆ ಗೆಜ್ಜೆ ಬೇಕಾಗಿಲ್ಲ.

ಇನ್ನೊಂದು ಮಾತು. ನಿಮ್ಮ ಗುಡ್ಡದ ಮೇಲೆ ದೇವಸ್ಥಾನವಿದ್ದರೆ ಅಲ್ಲಿ ಒಡೆದ ಕಾಯಿ, ಬಾಳೆಹಣ್ಣು, ಪ್ರಸಾದದ ಎಲೆಗಳನ್ನು ಸಂಜೆಯೊಳಗೆ ಕೆಳಕ್ಕೆ ತರಿಸಿ, ದೀಪದ ಎಣ್ಣೆಯ ಡಬ್ಬವನ್ನು ಒಳಗಿಟ್ಟು ಬೀಗ ಹಾಕಿಸಿ. ಕರಡಿ ಎಣ್ಣೆಯ ವಾಸನೆಗೆ ಬಾಗಿಲು ಮುರಿದು ನುಗ್ಗುವ ಪ್ರಾಣಿ. ಹಿತ್ತಿಲಲ್ಲಿ ಹಲಸಿನ ಮರವಿದ್ದರೆ ಹಣ್ಣಾಗಲು ಬಿಡದೆ ಬಲಿತ ಕಾಯನ್ನು ಇಳಿಸಿಬಿಡಿ. ಮನೆಗೆ ಹತ್ತಿದ ಲಂಟಾನವನ್ನು ಸವರಿಸಿ. ಬದುವಿನ ಹುತ್ತಗಳನ್ನು ಮುಟ್ಟಲು ನಮ್ಮ ಜನ ಒಪ್ಪುವುದಿಲ್ಲ, ನಾಗರಪೂಜೆಯ ಜಾಗವೆನ್ನುತ್ತಾರೆ. ಅದಕ್ಕೆ ನಾನೂ ಒತ್ತಾಯಿಸುವುದಿಲ್ಲ, ಅವುಗಳ ಸುತ್ತ ದೂರದಿಂದಲೇ ಕಾಣುವಂತೆ ಪೊದೆ ತೆಗೆಸಿದರೆ ಸಾಕು.

ಉತ್ತರ: ಶುಶ್ರೂಷಕಿ (ಹಾಸನ)

ಎಲ್ಲರೂ ತಪ್ಪಿಸಿಕೊಳ್ಳುವ ಬಗ್ಗೆ ಬರೆದಿದ್ದಾರೆ, ಗಾಯವಾದ ಮೇಲಿನ ಮಾತನ್ನು ನಾನು ಸೇರಿಸುತ್ತೇನೆ. ಕರಡಿಯ ಗಾಯಗಳು ಹೆಚ್ಚಾಗಿ ನೆತ್ತಿ, ಮುಖ, ಕೈಗಳ ಮೇಲಾಗುತ್ತವೆ. ನೆತ್ತಿಯ ಚರ್ಮ ಕಿತ್ತುಬಂದಿದ್ದರೆ ರಕ್ತ ಬಹಳ ಹರಿಯುತ್ತದೆ, ಕುಟುಂಬದವರು ಗಾಬರಿಯಲ್ಲಿ ಅರಿಶಿನ, ಕಾಫಿಪುಡಿ ತುಂಬಿ ಕರೆತರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅವನ್ನೆಲ್ಲ ತೆಗೆದು ಸ್ವಚ್ಛಗೊಳಿಸುವುದರಲ್ಲಿಯೇ ಅಮೂಲ್ಯವಾದ ವೇಳೆ ಹೋಗುತ್ತದೆ. ಜೋತುಬಿದ್ದ ಚರ್ಮವನ್ನು ಕತ್ತರಿಸಿ ಎಸೆಯದೆ, ಇದ್ದ ಜಾಗಕ್ಕೆ ಮೆಲ್ಲನೆ ಕೂರಿಸಿ, ಒಗೆದ ಪಂಚೆಯನ್ನು ಮಡಿಸಿ ಮೇಲಿಟ್ಟು ಒತ್ತಿ ಹಿಡಿದು, 108ಕ್ಕೆ ಕರೆ ಮಾಡಿ. ಬಾಯಿಯಲ್ಲಿ ರಕ್ತ ತುಂಬುತ್ತಿದ್ದರೆ ಅಂಗಾತ ಮಲಗಿಸದೆ ಪಕ್ಕಕ್ಕೆ ಹೊರಳಿಸಿ. ರಕ್ತ ಹೆಚ್ಚು ಸುರಿಯದ ಸಣ್ಣ ಗೀರುಗಳನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು.

ಹಲವರಿಗೆ ತಿಳಿಯದಿರುವುದೆಂದರೆ, ಕರಡಿ ಕಚ್ಚಿದರೂ ಪರಚಿದರೂ ನಾಯಿ ಕಚ್ಚಿದಾಗ ಕೊಡುವ ರೇಬೀಸ್ ಲಸಿಕೆಯನ್ನೇ ಹಾಕಿಸಬೇಕು. ಗಾಯ ಆಳವಾಗಿದ್ದರೆ ಅದರ ಸುತ್ತಲೂ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದನ್ನು ಕೊಡುತ್ತಾರೆ, ಧನುರ್ವಾಯುವಿನದು ಬೇರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆಯನ್ನು ಮೊದಲ ದಿನ ಹಾಕಿಸಿದ ಮೇಲೆ 3, 7 ಮತ್ತು 28ನೆಯ ದಿನಗಳಲ್ಲಿ ಮತ್ತೆ ಹಾಕಿಸಬೇಕು. ಹೊಲಿಗೆ ಬಿಚ್ಚಿದ ಮೇಲೆ ಬಹಳ ಮಂದಿ ಕೊನೆಯ ಸೂಜಿಗೆ ಬರುವುದೇ ಇಲ್ಲ.

ಉತ್ತರ: ಕುರುಚಲುಕಾಡು (ಕಡೂರು)

ಶುಶ್ರೂಷಕಿಯವರು ಬರೆದದ್ದಕ್ಕೆ ಒಂದನ್ನು ಸೇರಿಸುತ್ತೇನೆ. ಗಾಯಾಳುವನ್ನು ಖಾಸಗಿ ಆಸ್ಪತ್ರೆಗೆ ಒಯ್ದರೂ ಅರಣ್ಯ ಇಲಾಖೆಗೆ ಅಂದೇ ತಿಳಿಸಬೇಕು. ಸಹಾಯವಾಣಿಯ ಸಂಖ್ಯೆ 1926. ಇಲಾಖೆಯವರು ಸ್ಥಳಕ್ಕೆ ಬಂದು ಮಹಜರು ಮಾಡಿದರೆ ಮಾತ್ರ ದಯಾತ್ಮಕ ಧನದ (ಸರ್ಕಾರ ಕೊಡುವ ಪರಿಹಾರದ) ಅರ್ಜಿ ಮುಂದೆ ಹೋಗುತ್ತದೆ. ಘಟನೆ ನಡೆದ ಜಾಗದ ಹೆಜ್ಜೆಗುರುತು, ಲದ್ದಿ, ಬಗೆದ ಮಣ್ಣನ್ನು ಯಾರೂ ತುಳಿಯದಂತೆ ನೋಡಿಕೊಂಡು, ಅಳತೆಗೆ ಪಕ್ಕದಲ್ಲಿ ಬೆಂಕಿಪೊಟ್ಟಣವಿಟ್ಟು ಫೋಟೋ ತೆಗೆದಿಡಿ. ಕರಡಿಯ ಹಿಂಗಾಲಿನ ಗುರುತು ಮನುಷ್ಯನ ಪಾದದಂತೆಯೇ ಇರುತ್ತದೆ. ಮುಂಗಾಲಿನಲ್ಲಿ ಐದು ಬೆರಳುಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಮೂಡಿ, ಅವುಗಳಿಂದ ಸ್ವಲ್ಪ ಮುಂದೆ ಉಗುರಿನ ಚುಕ್ಕೆಗಳು ಬಿದ್ದಿರುತ್ತವೆ. ಚಿರತೆಯ ಹೆಜ್ಜೆಯಲ್ಲಿ ನಾಲ್ಕೇ ಬೆರಳು, ಉಗುರು ಮೂಡುವುದಿಲ್ಲ. ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಬೆಳೆ ಹಾನಿಯಾಗಿದ್ದರೆ ಪಹಣಿ, ಇಷ್ಟನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ತೆಂಗಿನಸಾಲು ಅವರೇ, ನಿಮ್ಮ ಬದುವಿನ ಹುತ್ತದ ಫೋಟೋ ಇದ್ದರೆ ನಿಮ್ಮ ಗಸ್ತು ಅರಣ್ಯ ಪಾಲಕರಿಗೆ ಈಗಲೇ ಕಳುಹಿಸಿ. ಯಾವ ಕಡೆಯಿಂದ ಇಳಿಯುತ್ತಿದೆ ಎಂಬುದು ಗೊತ್ತಾದರೆ ರಾತ್ರಿ ಗಸ್ತನ್ನು ಆ ಕಡೆಗೆ ಹಾಕಿಸಲು ಕೇಳಬಹುದು.